ಮಷಿನ್‌ಗೆ ನಾಲ್ಕೂವರೆ ಸ್ಟಾರ್, ಸ್ಟ್ರಿಪ್ ಡಬ್ಬಿಗೆ ಎರಡೇ

ಶುಗರ್ ನೋಡುವ ಮಷಿನ್‌ನಲ್ಲಿ ದೂರುವಂಥದ್ದು ಕಮ್ಮಿ. ಬ್ಯಾಟರಿ, ಮೆಮೊರಿ, ಬ್ಲೂಟೂತ್ ವಿವರ ಪೆಟ್ಟಿಗೆ ಮೇಲೇ ಇದೆ, ಓದಿಕೊಳ್ಳಿ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ಜೋಡಿಯಾಗಿ ನೋಡಿದರೆ ಇದರ ನಿಜವಾದ ಉಪಯೋಗ ಗೊತ್ತಾಗುತ್ತೆ. ಆಸ್ಪತ್ರೆಯ ಡಯಟ್ ಚಾರ್ಟಿನಲ್ಲಿ ಇಡ್ಲಿ, ಚಪಾತಿ ಇರುತ್ತೆ. ನಮ್ಮ ಕೊಡಗಿನ ಅಕ್ಕಿ ತಿಂಡಿಗಳಾದ ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಎಲ್ಲಿರುತ್ತೆ? ನಾಲ್ಕು ಕಡಂಬುಟ್ಟಿನ ದಿನ ಎಷ್ಟು ಏರಿತು, ಎರಡಕ್ಕೆ ಇಳಿಸಿ ಬೈಂಬಳೆ (ಕಣಿಲೆ), ಸೊಪ್ಪು ಜಾಸ್ತಿ ಮಾಡಿದ ದಿನ ಎಷ್ಟು ಏರಿತು ಅಂತ ಬರೆದಿಟ್ಟುಕೊಳ್ಳಿ. ಏರಿಕೆ 50 ದಾಟಿದರೆ ತಟ್ಟೆಯಲ್ಲಿ ಅಕ್ಕಿ ಹೆಚ್ಚಾಯ್ತು ಅಂತಲೇ ಲೆಕ್ಕ. ಪಂದಿಕರಿ (ಹಂದಿ ಮಾಂಸದ ಸಾರು) ಈ ಲೆಕ್ಕದಲ್ಲಿ ಸುಲಭವಾಗಿ ಪಾಸಾಗುತ್ತೆ, ಆದರೆ ತೂಕ ಇಳಿಸುವವರಿಗೆ ಅದರ ಕೊಬ್ಬು ಬೇರೆ ತಲೆನೋವು. ಬೆಲ್ಲದ ಕಾಪಿ ಮಾತ್ರ ಯಾವ ದಿನವೂ ಪಾಸಾಗಲ್ಲ.

ಚಳಿಗೆ ಬೆರಳು ಮರಗಟ್ಟಿದ್ದರೆ ಕೈಯನ್ನು ಬಿಸಿನೀರು, ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿ, ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ. ಬೆರಳ ತುದಿಯ ಬದಿಗೆ ಚುಚ್ಚಿದರೆ ನೋವು ಕಮ್ಮಿ. ಜೋರಾಗಿ ಹಿಂಡಬೇಡಿ. ಕಿತ್ತಳೆ ಸುಲಿದ ಕೈಯಲ್ಲೇ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ಸೇರಿ ಸುಳ್ಳು ಏರಿಕೆ ಬರುತ್ತೆ.

ಇಷ್ಟರವರೆಗೆ ಸರಿ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ಹಿಡಿದ ಮೇಲೆ ಅದೇ ಮಷಿನ್ ನಂಬಿಕೆ ಕಳೆದುಕೊಳ್ಳುತ್ತೆ. ತಪ್ಪು ಮಷಿನ್‌ದಲ್ಲ, ಸ್ಟ್ರಿಪ್ ಡಬ್ಬಿಯದು. ರಕ್ತದ ಹನಿ ತಾಗಿಸುವ ಸ್ಟ್ರಿಪ್ಪಿನ ತುದಿಯಲ್ಲಿ ಒಣಗಿಸಿಟ್ಟ ಕಿಣ್ವ ಇರುತ್ತೆ, ತೇವ ತಾಗಿದರೆ ಅದು ಕೆಡುತ್ತೆ. ತೇವ ಹೀರುವ ವಸ್ತು ಡಬ್ಬಿಯ ಒಳಗೋಡೆಯಲ್ಲೋ ಮುಚ್ಚಳದಲ್ಲೋ ಇರುತ್ತೆ. ಪದೇ ಪದೇ ತೆರೆದರೆ ಅದೂ ಸೋಲುತ್ತೆ. ಕೆಟ್ಟ ಸ್ಟ್ರಿಪ್ ಯಾವಾಗಲೂ ಎರರ್ ತೋರಿಸಲ್ಲ, ಕೆಲವೊಮ್ಮೆ ನಂಬುವ ಹಾಗಿರುವ ತಪ್ಪು ಸಂಖ್ಯೆಯನ್ನೇ ಕೊಡುತ್ತೆ. ನನ್ನ ಸಿಟ್ಟು ಅದಕ್ಕೇ.

ತೇವ ತಪ್ಪಿಸಲು ಡಬ್ಬಿಯನ್ನು ಒಲೆ ಮೇಲಿನ ಅಟ್ಟಕ್ಕೆ ಏರಿಸುವವರಿದ್ದಾರೆ, ಫ್ರಿಜ್ಜಿನಲ್ಲಿ ಇಡುವವರೂ ಇದ್ದಾರೆ. ಎರಡೂ ಬೇಡ. ಹೆಚ್ಚಿನ ಕಂಪನಿಗಳ ಮಿತಿ 30 ಡಿಗ್ರಿ, ಅಟ್ಟ ಅದನ್ನು ದಾಟುತ್ತೆ. ಫ್ರಿಜ್ಜಿನಿಂದ ತೆಗೆದ ಡಬ್ಬಿ ತೆರೆದರೆ ಒಳಗೇ ಬೆವರುತ್ತೆ. ಮಲಗುವ ಕೋಣೆಯ ಬೀರು ಸಾಕು. ಒಣಗೈಯಲ್ಲಿ ಒಂದೇ ಒಂದು ತೆಗೆದು ತಕ್ಷಣ ಮುಚ್ಚಿ. ತೆರೆದ ತಾರೀಖನ್ನು ಡಬ್ಬಿ ಮೇಲೆ ಬರೆಯಿರಿ. ಬ್ರಾಂಡ್ ನೋಡಿಕೊಂಡು ಮೂರರಿಂದ ಆರು ತಿಂಗಳು ಅದರ ಆಯಸ್ಸು. ಅನುಮಾನ ಬಂದರೆ ಕಂಟ್ರೋಲ್ ಸೊಲ್ಯೂಷನ್ (ಸಕ್ಕರೆ ಪ್ರಮಾಣ ಮೊದಲೇ ಗೊತ್ತಿರುವ ದ್ರವ) ಒಂದು ಹನಿ ಹಾಕಿ, ಡಬ್ಬಿ ಮೇಲೆ ಅಚ್ಚಾದ ರೇಂಜಿಗೆ ಹೋಲಿಸಿ. ಇದನ್ನು ಪೆಟ್ಟಿಗೆಯಲ್ಲೇ ಕೊಡಬಾರದಾ? ಮೆಡಿಕಲ್ ಶಾಪಿನವರಿಗೆ ಹೇಳಿ ತರಿಸಬೇಕು. ಒಳ್ಳೆ ಸ್ಟ್ರಿಪ್ಪಿಗೂ ಶೇ. 15ರಷ್ಟು ಆಚೀಚೆ ಆಗುವ ಅವಕಾಶ ಇದೆ: 140 ಅಂದರೆ 120 ಇರಬಹುದು, 160 ಕೂಡ ಇರಬಹುದು. ಅದರ ಮೇಲೆ ತೇವವೂ ಸೇರಿದರೆ ಊಟ ಏನು ಮಾಡಿತು, ಮಳೆ ಏನು ಮಾಡಿತು ಅಂತ ಬಿಡಿಸಲಾಗದು.

ರೆಮಿಷನ್, ಅಂದರೆ ಮಾತ್ರೆ ಇಲ್ಲದೆಯೇ ಶುಗರ್ ಹತೋಟಿಯಲ್ಲಿರುವ ಸ್ಥಿತಿ, ಗುರಿ ಇಟ್ಟವರಿಗೆ ಇದು ಸಣ್ಣ ವಿಷಯವಲ್ಲ. ಊಟ ಇಳಿಸಿದಾಗ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಡೋಸು ಹಾಗೇ ಇದ್ದರೆ ಶುಗರ್ 70ರ ಕೆಳಗೆ ಬೀಳಬಹುದು, ಡೋಸನ್ನು ಡಾಕ್ಟರು ಮೊದಲೇ ಇಳಿಸಬೇಕು. ಬಿದ್ದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷಕ್ಕೆ ಮತ್ತೆ ಪರೀಕ್ಷೆ. ಅಂಥ ಹೊತ್ತಲ್ಲಿ ಸ್ಟ್ರಿಪ್ ಸುಳ್ಳು ಹೇಳಿದರೆ?

ಹಾಗಂತ ದಿನಕ್ಕೆ ಹತ್ತು ಸಲ ಚುಚ್ಚಿದರೆ ರೆಮಿಷನ್ ಬರಲ್ಲ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ (2017) 15 ಕೆಜಿ ಅಥವಾ ಹೆಚ್ಚು ತೂಕ ಇಳಿಸಿದವರಲ್ಲಿ ಶೇ. 86 ಮಂದಿ ಒಂದು ವರ್ಷಕ್ಕೆ ರೆಮಿಷನ್ ತಲುಪಿದ್ದರು. ಕಾಯಿಲೆ ಶುರುವಾಗಿ ಆರು ವರ್ಷದೊಳಗಿದ್ದವರನ್ನೇ ಅದಕ್ಕೆ ಸೇರಿಸಿಕೊಂಡಿದ್ದು. ಹೊಸ ತಿಂಡಿಗಳನ್ನು ಜೋಡಿಯಾಗಿ ಪರೀಕ್ಷಿಸಿದ ಮೇಲೆ, ಇನ್ಸುಲಿನ್, ಗ್ಲಿಮೆಪಿರೈಡ್ ಇಲ್ಲದವರು ಸ್ಟ್ರಿಪ್ ಖರ್ಚು ಇಳಿಸಿ ಒಳ್ಳೆ ತೂಕದ ಮಷಿನ್ ತಗೊಳ್ಳಬಹುದು. ಮಾತ್ರೆ ನಿಂತು ಮೂರು ತಿಂಗಳಾದರೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) 6.5ರ ಕೆಳಗಿದ್ದರೆ ರೆಮಿಷನ್. ಆ ತೀರ್ಪು ಕೊಡುವುದು ಲ್ಯಾಬ್, ಈ ಮಷಿನ್ ಅಲ್ಲ.

ಮಳೆಗಾಲಕ್ಕೆ 50ರ ಡಬ್ಬಿ ಬೇಡ, 25ರ ಎರಡು ತಗೊಳ್ಳಿ. ಒಂದೊಂದೇ ಸ್ಟ್ರಿಪ್ ಫಾಯಿಲ್‌ನಲ್ಲಿ ಸುತ್ತಿ ಬರುವ ಬ್ರಾಂಡ್ ಸಿಕ್ಕಿದರೆ ನಾಲ್ಕು ಕಾಸು ಹೆಚ್ಚಾದರೂ ಅದೇ ಇರಲಿ.