ಎಸ್‌ಕ್ಯೂಎಂ-ಎಲ್‌ಯು: ಏರ್‌ಗ್ಲೋದ ಋತು ಬದಲಾವಣೆ ಇದಕ್ಕೆ ಸಿಗುತ್ತದೆಯೇ?

ಎಸ್‌ಕ್ಯೂಎಂ-ಎಲ್‌ಯು ರಾತ್ರಿಯ ಆಕಾಶದ ಹೊಳಪು ಅಳೆಯುವ ಮೀಟರ್. ಏರ್‌ಗ್ಲೋ ಎಂದರೆ ಮೇಲಿನ ವಾತಾವರಣದ ಅನಿಲಗಳು ತಾವಾಗಿ ಸೂಸುವ ಮಂದ ಬೆಳಕು. ಐದಕ್ಕೆ ಮೂರೂವರೆ ಅಂಕ. ಒಂದೂವರೆ ಕಳೆದದ್ದು ಮೀಟರಿನ ಗುಣಮಟ್ಟಕ್ಕಲ್ಲ, ಅದರಿಂದ ಜನ ಇಟ್ಟುಕೊಳ್ಳುವ ನಿರೀಕ್ಷೆಗೆ. ಇದು ಅಳೆಯುವುದು ನೆತ್ತಿಯಿಂದ ಬರುವ ಒಟ್ಟು ಬೆಳಕನ್ನು. ಊರಿನ ದೀಪಗಳ ಚದುರು ಬೆಳಕು, ಆಕಾಶಗಂಗೆ, ರಾಶಿಚಕ್ರದ ಬೆಳಕು (ಗ್ರಹಗಳ ನಡುವಿನ ಧೂಳು ಚದುರಿಸುವ ಸೂರ್ಯನ ಬೆಳಕು), ಏರ್‌ಗ್ಲೋ ಎಲ್ಲ ಸೇರಿ ಒಂದೇ ಅಂಕಿ ಬರುತ್ತದೆ. ಅದರಿಂದ ಏರ್‌ಗ್ಲೋವನ್ನು ಬಿಡಿಸಿಕೊಳ್ಳುವ ಕೆಲಸ ಪೂರ್ತಿ ನಮ್ಮದು.

ಕೆನಡಾದ ಯೂನಿಹೆಡ್ರನ್ ಕಂಪನಿಯ ಈ ಮೀಟರ್‌ನಲ್ಲಿ ಸುಮಾರು 20 ಡಿಗ್ರಿ ಅಗಲದ ಆಕಾಶವನ್ನಷ್ಟೇ ಒಳಬಿಡುವ ಲೆನ್ಸ್ ಇದೆ, ಅವಕೆಂಪನ್ನು ತಡೆಯುವ ಫಿಲ್ಟರ್ ಇದೆ. ಯುಎಸ್‌ಬಿ ತಂತಿಯಲ್ಲೇ ವಿದ್ಯುತ್ತು. ಜೊತೆಗೆ ಕೊಡುವ ಯುಡಿಎಂ ತಂತ್ರಾಂಶದಲ್ಲಿ 5 ನಿಮಿಷಕ್ಕೊಂದು ಓದು ಎಂದು ಹೊಂದಿಸಿದರೆ ಸಾಕು, ಪಠ್ಯ ಕಡತ ತಾನಾಗಿ ತುಂಬುತ್ತದೆ. ಸಮಯ ಕಂಪ್ಯೂಟರಿನದು, ಹಾಗಾಗಿ ಅದರ ಗಡಿಯಾರ ಸರಿಯಿರಬೇಕು.

ಅವಕೆಂಪು ತಡೆದ ಕಾರಣ, ಸುಮಾರು 87 ಕಿ.ಮೀ. ಎತ್ತರದ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಕಣ) ಹೊಳಪಿನ ದೊಡ್ಡ ಪಾಲು ಮೀಟರಿಗೆ ಕಾಣುವುದೇ ಇಲ್ಲ. ಒಳಬರುವವು ಸುಮಾರು 97 ಕಿ.ಮೀ. ಎತ್ತರದ ಆಮ್ಲಜನಕದ ಹಸಿರು ರೇಖೆ (ಅಂದರೆ ಒಂದೇ ಬಣ್ಣದ ಬೆಳಕು, ತರಂಗಾಂತರ 557.7 ನ್ಯಾನೋಮೀಟರ್), 90ರ ಆಸುಪಾಸಿನ ಸೋಡಿಯಂ ರೇಖೆ (589), 250 ಕಿ.ಮೀ. ಸುತ್ತಲಿನ ಕೆಂಪು ರೇಖೆ (630). ನಮ್ಮಂಥ ಕೆಳ ಅಕ್ಷಾಂಶಗಳಲ್ಲಿ ಹಸಿರು ರೇಖೆ ವರ್ಷಕ್ಕೆ ಎರಡು ಸಲ, ಹಗಲು ರಾತ್ರಿ ಸಮವಾಗುವ ತಿಂಗಳುಗಳ ಸುಮಾರಿಗೆ, ಏರುತ್ತದೆ. ಎರಡನೆಯ ಏರಿಕೆಯ ಮೊದಲರ್ಧವನ್ನು ಮಳೆ ನುಂಗುತ್ತದೆ. ಗಡಿಯಾಚೆಯ ಕೊಲ್ಹಾಪುರದಲ್ಲಿ ಇಡೀ ಆಕಾಶವನ್ನು ಸೆರೆಹಿಡಿಯುವ ಆಲ್‌ಸ್ಕೈ ಕ್ಯಾಮೆರಾಗೂ ಮಳೆಗಾಲ ರಜೆಯೇ. ಕರ್ನಾಟಕದಲ್ಲಿ ಕೂತು ನಂಬಿಕೆಯಿಂದ ಹಿಡಿಯಬಹುದಾದದ್ದು ಡಿಸೆಂಬರ್-ಜನವರಿಯ ತಗ್ಗಿನಿಂದ ಮಾರ್ಚ್-ಏಪ್ರಿಲ್‌ನ ಏರಿಕೆ ಮಾತ್ರ.

ಎಡವಟ್ಟಾಗುವುದು ಇಲ್ಲೇ. ಮೊದಲ ವರ್ಷದ ಗ್ರಾಫಿನಲ್ಲಿ ಕಾಣುವ ಚೆಂದದ ಏರಿಳಿತ ಬಹುಪಾಲು ಆಕಾಶಗಂಗೆಯದು. 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ನಾಕ್ಷತ್ರಿಕ ಕಾಲ (ಸೂರ್ಯನ ಬದಲು ನಕ್ಷತ್ರಗಳ ಸುತ್ತಿಗೆ ಹೊಂದಿಸಿದ ಗಡಿಯಾರದ ಹೊತ್ತು) 6 ಗಂಟೆ ದಾಟಿದಾಗ ಒಮ್ಮೆ, 19 ದಾಟಿದಾಗ ಇನ್ನೊಮ್ಮೆ ಅದು ನೆತ್ತಿ ಹಾಯುತ್ತದೆ. ಆದ್ದರಿಂದ ತಿಂಗಳ ಸರಾಸರಿ ತೆಗೆಯಲೇಬೇಡಿ. ನಾಕ್ಷತ್ರಿಕ ಕಾಲ 12ರಿಂದ 14ರ ಒಳಗಿನ ಓದುಗಳನ್ನು ಮಾತ್ರ ಉಳಿಸಿಕೊಳ್ಳಿ. ಆಗ ಗ್ಯಾಲಕ್ಸಿಯ ಉತ್ತರ ಧ್ರುವ, ಅಂದರೆ ಆಕಾಶಗಂಗೆಯ ಪಟ್ಟಿಯಿಂದ ಅತಿ ದೂರದ ಜಾಗ, ನೆತ್ತಿಗೆ ಹತ್ತಿರ. ಜನವರಿಯಲ್ಲಿ ಇದು ಬೆಳಗಿನ ಜಾವ, ಏಪ್ರಿಲ್ ಮೊದಲಲ್ಲಿ ನಡುರಾತ್ರಿ. ಏರ್‌ಗ್ಲೋ ರಾತ್ರಿಯ ಹೊತ್ತಿನೊಂದಿಗೂ ಬದಲಾಗುವುದರಿಂದ ಹೋಲಿಕೆ ಪೂರ್ತಿ ಶುದ್ಧವಲ್ಲ, ಆದರೂ ಸರಾಸರಿಗಿಂತ ಎಷ್ಟೋ ಮೇಲು. ಅಕ್ಟೋಬರ್ ಕೊನೆಯ ನಡುರಾತ್ರಿಯ ಓದುಗಳಿಗೆ ಬೇರೆ ತೊಡಕು: ಸೂರ್ಯನ ಎದುರು ದಿಕ್ಕಿನಲ್ಲಿ ಧೂಳು ಹೊಳೆಯುವ ಮಂದ ಮಚ್ಚೆ, ಗೆಗೆನ್‌ಶೈನ್, ಆಗ ಸರಿಯಾಗಿ ನೆತ್ತಿಯಲ್ಲಿರುತ್ತದೆ.

ಸೂರ್ಯ ಕ್ಷಿತಿಜದಿಂದ 18 ಡಿಗ್ರಿ ಕೆಳಗಿಳಿಯುವ ಮೊದಲಿನ ಓದು, ಚಂದ್ರ ಇರುವಾಗಿನ ಓದು ತೆಗೆದುಹಾಕಿ. ಸಂಜೆ ಕೆಂಪು ರೇಖೆ ತುಸು ಹೊತ್ತು ಜೋರಾಗಿರುವುದರಿಂದ ಕತ್ತಲಾದ ಮೇಲಿನ ಎರಡು ಗಂಟೆಯನ್ನೂ ಬಿಡುವುದು ಲೇಸು. ಮೋಡದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಬೆಂಗಳೂರಿನ ಹೊರವಲಯದಲ್ಲಿ ಮೋಡ ಬಂದರೆ ಆಕಾಶ ಬೆಳಗುತ್ತದೆ, ಕೊಡಗಿನ ಕತ್ತಲ ಮೂಲೆಯಲ್ಲಿ ಕಪ್ಪಾಗುತ್ತದೆ. ಮೀಟರಿನಲ್ಲಿ ಅಂಕಿ ಹೆಚ್ಚಿದಷ್ಟೂ ಕತ್ತಲೆ ಹೆಚ್ಚು, ಹಾಗಾಗಿ ಕೊಡಗಿನಂಥ ಕತ್ತಲ ಜಾಗದಲ್ಲಿ ತೆಳು ಮೋಡ ಕವಿದ ರಾತ್ರಿ ‘ಏರ್‌ಗ್ಲೋ ಇಳಿದಿದೆ’ ಎಂದು ಓದಿಸುತ್ತದೆ. ಪಕ್ಕದಲ್ಲೊಂದು ಅಗಲ ಲೆನ್ಸಿನ ಕ್ಯಾಮೆರಾ ಹತ್ತು ನಿಮಿಷಕ್ಕೊಂದು ಚಿತ್ರ ತೆಗೆಯುತ್ತಿರಲಿ.

ವರ್ಷಗಳುದ್ದಕ್ಕೂ ಹೊರಗೆ ನಿಂತ ಯಾವ ಮೀಟರೂ ಮೆಲ್ಲಗೆ ಕುರುಡಾಗುತ್ತದೆ. ಕವಚದ ಗಾಜು, ಫಿಲ್ಟರ್ ಬಿಸಿಲಿಗೆ ಮಾಸುತ್ತವೆ. ವರ್ಷಕ್ಕೆ ಮ್ಯಾಗ್ನಿಟ್ಯೂಡಿನ (ಮೀಟರಿನ ಅಂಕಿ ಬರುವ ಹೊಳಪಿನ ಅಳತೆ) ನೂರರಲ್ಲಿ ಕೆಲವು ಪಾಲು ಅಂಕಿ ಹೆಚ್ಚುತ್ತಾ ಹೋದೀತು. 0.1 ಮ್ಯಾಗ್ನಿಟ್ಯೂಡ್ ಎಂದರೆ ಸುಮಾರು ಶೇ. 10 ಬೆಳಕು, ಆದ್ದರಿಂದ ಇದು ಸಣ್ಣದಲ್ಲ. ಸೌರಚಕ್ರ (ಸೂರ್ಯನ ಚಟುವಟಿಕೆಯ ಏರಿಳಿತ) ಇಳಿಯುವ ವರ್ಷಗಳಲ್ಲಿ ಏರ್‌ಗ್ಲೋ ನಿಜಕ್ಕೂ ಕುಗ್ಗುತ್ತದೆ. ಮಾಸಿದ ಗಾಜೂ ಅದೇ ಕಥೆ ಹೇಳುತ್ತದೆ. ಎರಡನ್ನೂ ಬೇರ್ಪಡಿಸಲು ಮೋಡವಿಲ್ಲದ ಸಂಜೆಗಳಲ್ಲಿ ಸೂರ್ಯ 7 ಡಿಗ್ರಿ ಕೆಳಗಿರುವಾಗಿನ ಓದನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ. ಆ ಹೊತ್ತಿನ ಬೆಳಕು ಸೂರ್ಯನದು, ಅದು ಬದಲಾದರೆ ತಪ್ಪು ಮೀಟರಿನ ಕಡೆಯದು.

ಗಾಜನ್ನು ಒಣಬಟ್ಟೆಯಿಂದ ಉಜ್ಜಬೇಡಿ, ಧೂಳಿನ ಕಣ ಗೀರು ಹಾಕುತ್ತದೆ. ಡಿಸ್ಟಿಲ್ಡ್ ನೀರು ಸುರಿದು ಧೂಳು ಹರಿಯಬಿಟ್ಟು, ಐಸೊಪ್ರೊಪೈಲ್ ಆಲ್ಕೋಹಾಲ್ ತೇವ ಮಾಡಿದ ಲೆನ್ಸ್ ಕಾಗದದಿಂದ ಒಂದೇ ದಿಕ್ಕಿನಲ್ಲಿ ಒರೆಸಿ, ತಾರೀಕು ಬರೆದಿಡಿ. ಮಲೆನಾಡಿನ ಚಳಿಗಾಲದಲ್ಲಿ ಇಬ್ಬನಿ ಕೂತರೆ ಬೆಳಗಿನ ಜಾವದ ಓದು ಹಾಳು, ಜನವರಿಗೆ ಬೇಕಾದದ್ದೂ ಅದೇ ಹೊತ್ತು. ಗಾಜಿನ ಸುತ್ತ ಸಣ್ಣ ಹೀಟರ್ ಪಟ್ಟಿ ಹಾಕಿ.

ಹಸಿರು ರೇಖೆಯೊಂದೇ ಬೇಕೆನ್ನುವವರು 557.7ರ ಫಿಲ್ಟರ್ ಕೊಂಡು ಕ್ಯಾಮೆರಾದ ಅಗಲ ಲೆನ್ಸಿನ ಮುಂದೆ ಹಾಕಿದರೆ ನಿರಾಸೆ ಖಚಿತ. ಬೆಳಕು ಓರೆಯಾಗಿ ಬಂದಷ್ಟೂ ಫಿಲ್ಟರಿನ ಕಿಟಕಿ ನೀಲಿ ಕಡೆ ಸರಿಯುತ್ತದೆ: 10 ಡಿಗ್ರಿಗೆ ಸುಮಾರು 2 ನ್ಯಾನೋಮೀಟರ್, 20ಕ್ಕೆ 8ರ ಹತ್ತಿರ. 10 ನ್ಯಾನೋಮೀಟರ್ ಅಗಲದ ಫಿಲ್ಟರ್, 50 ಮಿ.ಮೀ. ಲೆನ್ಸ್, ಚಿತ್ರದ ನಡುಭಾಗ ಮಾತ್ರ. ಇಷ್ಟಾದರೆ ಮೀಟರಿನ ಅಂಕಿಗೆ ಸಾಕ್ಷಿ ಸಿಗುತ್ತದೆ.

ವಿದ್ಯುತ್ ಸಂಪರ್ಕವಿಲ್ಲದ ಜಾಗಕ್ಕಾದರೆ ಎಲ್‌ಯು ಬದಲು ಬ್ಯಾಟರಿಯಲ್ಲಿ ನಡೆಯುವ ಎಲ್‌ಯು-ಡಿಎಲ್ ಕೊಳ್ಳಿ. ಎರಡನ್ನೂ ಮೇ ಕೊನೆಗೆ ಇಳಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಅಕ್ಟೋಬರ್‌ವರೆಗೆ ಮುಚ್ಚಿಡಿ.