ಗಾಡಿ ಹಿಸ್ಟರಿ ರಿಪೋರ್ಟ್: 5ಕ್ಕೆ 3 ಸ್ಟಾರ್, ಒಂದು ತಪ್ಪು ಕಿಲೋಮೀಟರ್ ಎಂಟ್ರಿ ಇಷ್ಟೆಲ್ಲಾ ಮಾಡ್ತು

ಸೆಕೆಂಡ್ ಹ್ಯಾಂಡ್ ಕಾರ್ ತಗೊಳೋ ಮುಂಚೆ ಆನ್‌ಲೈನಲ್ಲಿ ಹಿಸ್ಟರಿ ರಿಪೋರ್ಟ್ ತೆಗೆಸಿದ್ದೆ, ಅದರ ರಿವ್ಯೂ ಇದು. ಕಂಪನಿ ಹೆಸ್ರು ಹಾಕ್ತಿಲ್ಲ. 17 ಅಕ್ಷರದ ಚಾಸಿ ನಂಬರ್ ಹಾಕಿದ್ರೆ ಸರ್ವಿಸ್, ಇನ್ಶೂರೆನ್ಸ್, ತಪಾಸಣೆ ಅಂತ ಎಲ್ಲೆಲ್ಲಿ ಮೀಟರ್ ರೀಡಿಂಗ್ ಬರ್ಕೊಂಡಿದಾರೋ ಅದನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಕೊಡ್ತಾರೆ. ರಿಪೋರ್ಟ್ ಕೆಲವೇ ನಿಮಿಷದಲ್ಲಿ ಬಂತು, ಓದೋಕೂ ಸುಲಭ ಇತ್ತು, ಅಲ್ಲಿವರೆಗೂ ಪೂರ್ತಿ ಖುಷಿ.

ಆಮೇಲೆ ನೋಡಿದ್ರೆ ಮೊದಲನೇ ಪುಟದಲ್ಲೇ ಕೆಂಪಕ್ಷರದಲ್ಲಿ ಓಡೋಮೀಟರ್ (ಗಾಡಿ ಒಟ್ಟು ಎಷ್ಟು ಕಿಲೋಮೀಟರ್ ಓಡಿದೆ ಅಂತ ತೋರ್ಸೋ ಮೀಟರ್) ಹಿಂದಕ್ಕೆ ಹೋಗಿದೆ ಅಂತ. ನನ್ನ ಎದೆ ಧಸಕ್ ಅಂತು. ಗಾಡಿ ಅಷ್ಟು ಇಷ್ಟ ಆಗಿತ್ತು, ಟೆಸ್ಟ್ ಡ್ರೈವ್ ಮಾಡಿ ಮಾತುಕತೆನೂ ಮುಗಿದಿತ್ತು. ಮಾರ್ತಿದ್ದವರು ವಯಸ್ಸಾದವ್ರು, ಅವ್ರಿಗೆ ಫೋನ್ ಮಾಡಿ ಮೀಟರ್ ತಿರುಗಿಸಿದೀರಾ ಅಂತ ನೇರವಾಗೇ ಕೇಳ್ಬಿಟ್ಟೆ. ಒಂದು ಕ್ಷಣ ಸುಮ್ನಿದ್ದು "ನಾನು ಮೀಟರ್ ಮುಟ್ಟೇ ಇಲ್ಲ ಕಣಪ್ಪ, ನೀನೇ ಬಂದು ಯಾರ ಹತ್ರ ಬೇಕಾದ್ರೂ ತೋರ್ಸು" ಅಂದ್ರು. ಆ ದನಿ ಈಗಲೂ ಕಿವೀಲಿದೆ, ಹಾಗೆ ಕೇಳಬಾರದಿತ್ತು.

ರಾತ್ರಿ ರಿಪೋರ್ಟ್‌ನ ಮತ್ತೆ ಮತ್ತೆ ಓದಿದೆ. ಎಂಟ್ರಿಗಳು ಹೀಗಿದ್ವು: 41,250, ಆಮೇಲೆ 74,900, ಆಮೇಲೆ 53,600, ಈಗ ಮೀಟರಲ್ಲಿ 61,000. ಮಧ್ಯದ್ದು ಬಿಟ್ಟು ನೋಡಿದ್ರೆ ಉಳಿದಿದ್ದೆಲ್ಲ ಸರಾಗವಾಗಿ ಏರಿದೆ. 74,900 ಅನ್ನೋದ್ರಲ್ಲಿ ಮೊದಲ ಎರಡು ಅಂಕಿ ಅದಲುಬದಲು ಮಾಡಿ ನೋಡಿ, 47,900 ಆಗತ್ತೆ, ಸರಿಯಾಗಿ ಸಾಲಲ್ಲಿ ಕೂರತ್ತೆ. ಟೈಪ್ ಮಾಡಿದವರ ಕೈತಪ್ಪು ಇರ್ಬೇಕು ಅನ್ನಿಸ್ತು, ಆದ್ರೆ ಅನ್ನಿಸಿದ ಮಾತ್ರಕ್ಕೆ ದುಡ್ಡು ಕೊಡೋಕಾಗತ್ತಾ, ಅದಕ್ಕೆ ಮೆಕ್ಯಾನಿಕ್ ಕರ್ಕೊಂಡು ಹೋದೆ.

ಅವ್ರು ಗಾಡಿ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಾಕಿ ಮಾಡಿದ ಕೆಲ್ಸ ನೋಡಿ ನಂಗೆ ತುಂಬಾ ತಿಳೀತು. ಎಷ್ಟೋ ಗಾಡಿಗಳಲ್ಲಿ ಕಿಲೋಮೀಟರ್ ಡ್ಯಾಶ್‌ಬೋರ್ಡ್ ಮೀಟರಲ್ಲಿ ಮಾತ್ರ ಇರಲ್ಲ, ಬೇರೆ ಕಂಟ್ರೋಲ್ ಯೂನಿಟ್, ಅಂದ್ರೆ ಗಾಡಿಯೊಳಗಿನ ಚಿಕ್ಕ ಕಂಪ್ಯೂಟರ್‌ಗಳಲ್ಲೂ ಸೇವ್ ಆಗಿರತ್ತೆ, ಮೀಟರ್ ತಿರುಗಿಸೋರು ಕೆಲವೊಮ್ಮೆ ಅದನ್ನ ಬದಲಾಯಿಸೋದು ಮರೀತಾರೆ. ಈ ಗಾಡೀಲಿ ಎರಡೂ ಕಡೆ ತಾಳೆ ಆಯ್ತು. ಇಂಜಿನ್ ಎಷ್ಟು ಗಂಟೆ ಓಡಿದೆ ಅನ್ನೋದೂ ಸಿಕ್ತು, 2,030 ಗಂಟೆ, 61,000ನ ಅದ್ರಿಂದ ಭಾಗಿಸಿದ್ರೆ ಸರಾಸರಿ ಗಂಟೆಗೆ ಸುಮಾರು 30 ಕಿಲೋಮೀಟರ್, ಊರೊಳಗೆ ಜಾಸ್ತಿ ಓಡ್ಸಿದ ಗಾಡಿಗೆ ಹೊಂದತ್ತೆ. ಅದೇ 20,000 ಓಡಿದೆ ಅಂತ ತೋರ್ಸೋ ಗಾಡೀಲಿ ಗಂಟೆ 3,000 ಇದ್ರೆ ಅನುಮಾನ ಪಡಲೇಬೇಕು. ಪೆಡಲ್ ರಬ್ಬರ್, ಸ್ಟೀರಿಂಗ್ ಸವೆತ ನೋಡಿದ್ರು, ಟೈರ್ ಪಕ್ಕದಲ್ಲಿರೋ ನಾಲ್ಕಂಕಿ ಕೋಡೂ ನೋಡಿದ್ರು, 1421 ಅಂತಿದ್ರೆ 2021ರ 14ನೇ ವಾರ ತಯಾರಾಗಿದ್ದು ಅಂತ ಅರ್ಥ. ಮೀಟರಲ್ಲಿ ಕಮ್ಮಿ ಕಿಲೋಮೀಟರ್ ತೋರ್ಸಿ ನಾಲ್ಕೂ ಟೈರ್ ಗಾಡಿಗಿಂತ ಹೊಸದಿದ್ರೆ ಯಾಕೆ ಬದಲಾಯ್ಸಿದ್ರಿ ಅಂತ ಕೇಳಿ.

ಗಾಡಿ ತಗೊಂಡೆ. ಮಾರಿದವ್ರ ಹತ್ರ ಕ್ಷಮೆನೂ ಕೇಳ್ದೆ. ಆದ್ರೆ ಕಥೆ ಮುಗೀಲಿಲ್ಲ, ಯಾಕಂದ್ರೆ ಆ ಕೆಂಪು ಗುರುತು ನನ್ನ ಗಾಡಿ ಮೇಲೆ ಹಾಗೇ ಉಳಿದಿತ್ತು, ನಾಳೆ ನಾನು ಮಾರೋಕೆ ಹೋದ್ರೆ ನನ್ನೇ ಕಳ್ಳನ ಥರ ನೋಡ್ತಿದ್ರು. ರಿಪೋರ್ಟ್ ಕಂಪನಿಗೆ ಬರೆದ್ರೆ ನಾವು ಬಂದ ಮಾಹಿತೀನ ತೋರ್ಸ್ತೀವಿ ಅಷ್ಟೇ, ಎಂಟ್ರಿ ಮಾಡಿದವರ ಹತ್ರಾನೇ ತಿದ್ದಿಸ್ಕೊಂಡು ಬನ್ನಿ ಅಂದ್ರು. ಸರ್ವಿಸ್ ಸೆಂಟರ್‌ಗೆ ಹೋದ್ರೆ ಕ್ಲೋಸ್ ಆದ ಬಿಲ್ ನಾವು ತಿದ್ದೋಕಾಗಲ್ಲ ಅಂದ್ರು, ಮೂರನೇ ಸಲ ಹೋದಾಗ ಅಲ್ಲಿ ಒಬ್ರು ಪುಣ್ಯಾತ್ಮರು ಹಳೇ ಫೈಲ್ ತೆಗೆದು ಕೈಯಲ್ಲಿ ಬರೆದ ಜಾಬ್ ಕಾರ್ಡ್ (ಗಾಡಿ ಸರ್ವಿಸ್‌ಗೆ ಬಿಟ್ಟಾಗ ಬರ್ಕೊಳೋ ಚೀಟಿ) ಹುಡುಕಿ ಕೊಟ್ರು, ಅದ್ರಲ್ಲಿ 47,900 ಅಂತ ಸ್ಪಷ್ಟವಾಗಿ ಇತ್ತು! ಅದರ ಫೋಟೋ, ಹಿಂದಿನ ಮುಂದಿನ ಬಿಲ್, ಮೀಟರ್ ಫೋಟೋ, ಸ್ಕ್ಯಾನರ್ ರಿಪೋರ್ಟ್ ಎಲ್ಲಾ ರಿಪೋರ್ಟ್ ಕಂಪನಿಗೆ ಕಳ್ಸಿದ ಮೇಲೆ ಒಪ್ಕೊಂಡ್ರು.

ಸ್ಟಾರ್ ಕಟ್ ಮಾಡಿದ್ದು ಇದಕ್ಕೇ. ಒಂದೇ ಒಂದು ಎಂಟ್ರಿ ಮೇಲೆದ್ದು ಮುಂದಿನದು ಮತ್ತೆ ಹಳೇ ಸಾಲಿಗೇ ಬಂದಿದ್ರೆ ಅದು ಟೈಪಿಂಗ್ ತಪ್ಪೂ ಇರಬಹುದು, ಪರೀಕ್ಷೆ ಮಾಡಿಸಿ ಅಂತ ಒಂದು ಸಾಲು ಹಾಕೋದಕ್ಕೆ ಇವ್ರಿಗೇನು ಕಷ್ಟ? ಮೋಸ ಅಲ್ದೇನೇ ಅಂಕಿ ತಪ್ಪಾಗೋಕೆ ಎಷ್ಟು ದಾರಿ ಇದೆ ನೋಡಿ, ಓಡೋಮೀಟರ್ ಬದ್ಲು ಸೊನ್ನೆ ಮಾಡ್ಕೊಂಡು ಒಂದೊಂದು ಪ್ರಯಾಣ ಅಳೆಯೋ ಟ್ರಿಪ್ ಮೀಟರ್ ರೀಡಿಂಗ್ ಬರ್ಕೊಳೋದು, ಕೆಟ್ಟ ಮೀಟರ್ ಬದಲಾಯ್ಸಿ ಹೊಸದು ಸೊನ್ನೆಯಿಂದ ಶುರುವಾಗೋದು, ಹಳೇ ಐದಂಕಿ ಮೀಟರ್ 99,999 ದಾಟಿ ಮತ್ತೆ ಸೊನ್ನೆಗೆ ಬರೋದು, ಮೈಲಿ ಮತ್ತು ಕಿಲೋಮೀಟರ್ ಗೊಂದಲ ಬೇರೆ. 60,000 ಮೈಲಿ ಅಂದ್ರೆ 96,500 ಕಿಲೋಮೀಟರ್‌ಗೂ ಜಾಸ್ತಿ, ಒಬ್ಬರು ಹಾಗೆ ಇನ್ನೊಬ್ಬರು ಹೀಗೆ ಬರೆದ್ರೆ ರಿಪೋರ್ಟಲ್ಲಿ ಪಕ್ಕಾ ಮೋಸದ ಥರಾನೇ ಕಾಣತ್ತೆ.

ಇನ್ನೊಂದು ಕಡೆ, ಎಲ್ಲಾ ಸರಿ ಇದೆ ಅನ್ನೋ ಹಸಿರು ಗುರುತು ನೋಡಿ ನಿಶ್ಚಿಂತೆ ಆಗೋದೂ ಬೇಡ, ಇದು ನಂಗೆ ಇನ್ನೂ ಜಾಸ್ತಿ ಭಯ ಹುಟ್ಸಿದ ವಿಷ್ಯ. ಕೊನೇ ಎಂಟ್ರಿ 45,000 ಅಂತಿಟ್ಕೊಳಿ, ಆಮೇಲೆ ಎರಡು ವರ್ಷ ಎಲ್ಲೂ ದಾಖಲೆ ಇಲ್ಲ, ಗಾಡಿ 1,20,000 ಓಡಿದೆ, ಅದನ್ನ 60,000ಕ್ಕೆ ಇಳಿಸಿದ್ರೂ ರಿಪೋರ್ಟ್ ಪ್ರಕಾರ ಅಂಕಿ ಏರಿದೆ ತಾನೇ, ಯಾವ ಎಚ್ಚರಿಕೆನೂ ಬರಲ್ಲ. ಅದಕ್ಕೆ ಎಂಟ್ರಿ ಇಲ್ಲದ ಗ್ಯಾಪ್‌ನೇ ಮೊದಲು ನೋಡಿ, ಆ ಸಮಯದ ಬಿಲ್ ಇದ್ರೆ ಮಾರೋರ ಹತ್ರ ಕೇಳಿ.

ಸೇವೆ ಬೇಡ ಅಂತ ಹೇಳಲ್ಲ, ಮುಂದಿನ ಗಾಡಿಗೂ ತೆಗೆಸ್ತೀನಿ, ಈ ಎಂಟ್ರಿಗಳು ಇಲ್ದಿದ್ರೆ ಅಂಕಿ ಅದಲುಬದಲಾಗಿದ್ದೂ ನಂಗೆ ಗೊತ್ತಾಗ್ತಿರ್ಲಿಲ್ಲ. ಕೆಂಪಕ್ಷರ ಹೋದ ವಾರ ತೆಗೆದಿದಾರೆ, ಆ ಎಂಟ್ರಿ ಪಕ್ಕ "ತಿದ್ದಲಾಗಿದೆ" ಅಂತ ಬಂದಿದೆ. ಜಾಬ್ ಕಾರ್ಡ್ ಕಾಪಿ ಗಾಡಿ ಪೇಪರ್‌ಗಳ ಜೊತೆನೇ ಇಟ್ಟಿದೀನಿ, ಮಾರಿದವ್ರಿಗೂ ಹೊಸ ರಿಪೋರ್ಟ್ ಕಳ್ಸಿದೀನಿ.