ಒಂದು ಬಾನೆಟ್, ಮೂರು ಪಟ್ಟಿ: ನೀರಿಲ್ಲದೆ ಕಾರು ತೊಳೆದ ಲೆಕ್ಕ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯವರು ಕುಡಿಯೋ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂದರು. ನಮ್ಮ ಅಪಾರ್ಟ್‌ಮೆಂಟಿನವರು ಬೇಸ್‌ಮೆಂಟಿನ ನಲ್ಲಿಗಳ ಹಿಡಿಯನ್ನೇ ಕಿತ್ತಿಟ್ಟರು. ನಮಗೆ ಬರುವುದು ಬೋರ್‌ವೆಲ್ ನೀರು, ಅದು ಸಾಲದ ದಿನ ಟ್ಯಾಂಕರ್. ದುಡ್ಡು ಕೊಟ್ಟು ತರಿಸಿದ ನೀರನ್ನು ಟೈರಿಗೆ ಸುರಿಯೋಕೆ ಯಾರಿಗೂ ಮನಸ್ಸೂ ಇರಲಿಲ್ಲ ಬಿಡಿ. 2025ರ ಫೆಬ್ರುವರಿಯಲ್ಲಿ ಅದೇ ಆದೇಶ ಮತ್ತೆ ಬಂತು. ಅಷ್ಟು ಹೊತ್ತಿಗೆ ನಲ್ಲಿಗೆ ಹಿಡಿ ಇತ್ತು ಅನ್ನೋದನ್ನೇ ನಾವು ಮರೆತಿದ್ದೆವು.

ನನ್ನದು ಎಂಟು ವರ್ಷದ ಕಡುನೀಲಿ ವ್ಯಾಗನ್ ಆರ್. ಓಡಾಟ ಸರ್ಜಾಪುರ ರಸ್ತೆ, ಔಟರ್ ರಿಂಗ್ ರೋಡ್. ಮೆಟ್ರೋ ಕೆಲಸ ನಡೀತಿರೋ ಆ ದಾರಿಯಲ್ಲಿ ಒಂದು ವಾರ ಓಡಾಡಿದ ಕಾರಿನ ಹಿಂದಿನ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಆ ಧೂಳು ಮೆತ್ತಗಿನದಲ್ಲ, ಅದರಲ್ಲಿ ಸಿಮೆಂಟ್ ಇದೆ, ಎಂ-ಸ್ಯಾಂಡ್ ಇದೆ. ಉಗುರಿನ ಮೇಲೆ ಉಜ್ಜಿದರೆ ಗರಗರ ಅನ್ನುತ್ತೆ.

ನಮ್ಮ ಬೇಸ್‌ಮೆಂಟಿನಲ್ಲಿ ಕಾರು ಒರೆಸೋ ಹುಡುಗನಿಗೆ ನಾನು ಸ್ಪ್ರೇ ಬಾಟಲಿ ತೋರಿಸಿದಾಗ ಅವನು ಕೇಳಿದ್ದು ಒಂದೇ ಮಾತು: "ಸಾರ್, ನೀರಿಲ್ದೆ ಒರೆಸಿದ್ರೆ ಮಣ್ಣು ಎಲ್ಲಿಗೆ ಹೋಗತ್ತೆ?"

ಕಮ್ಮಿ ನೀರಲ್ಲಿ ಕಾರು ತೊಳೆಯೋ ಮೂರು ಪದ್ಧತಿಗಳ ಈ ಹೋಲಿಕೆ ಪೂರ್ತಿ ಆ ಪ್ರಶ್ನೆಯ ಮೇಲೇ ನಿಂತಿದೆ. ಎಷ್ಟು ಲೀಟರ್ ಉಳೀತು ಅನ್ನೋದು ಆಮೇಲಿನ ಮಾತು. ಪೈಪ್ ಹಿಡಿದಾಗ ಮಣ್ಣು ನೀರಿನ ಜೊತೆ ಹರಿದು ಚರಂಡಿಗೆ ಹೋಗುತ್ತೆ. ಪೈಪ್ ಇಲ್ಲದಿದ್ದರೆ ಅದು ಬಟ್ಟೆಗೆ ಹೋಗಬೇಕು, ಹೋದದ್ದು ಮತ್ತೆ ಬಣ್ಣದ ಮೇಲೆ ಬರಬಾರದು. ಕಾರಿನ ಬಣ್ಣದ ಮೇಲಿರೋ ಪಾರದರ್ಶಕ ಪದರ, ಕ್ಲಿಯರ್ ಕೋಟ್, ದಪ್ಪದಲ್ಲಿ ನಮ್ಮ ತಲೆಗೂದಲಿಗಿಂತ ಕಮ್ಮಿ. ಗೀರು ಬೀಳೋದು ಅದರ ಮೇಲೆ.

ಏಪ್ರಿಲ್‌ನ ಒಂದು ಭಾನುವಾರ ಬಾನೆಟ್ಟಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಮೂರು ಪಟ್ಟಿ ಮಾಡಿದೆ. ಮೊದಲೇ ಪಾಲಿಶ್ ಮಾಡಿಸಿ ಹಳೇ ಗೀರು ತೆಗೆಸಿದ್ದೆ, ಹೊಸದು ಬಿದ್ದರೆ ಕಾಣಲಿ ಅಂತ. ಎಡಕ್ಕೆ ಹುಡುಗನ ಬಕೆಟ್ಟು, ನಡುವೆ ಸ್ಪ್ರೇ, ಬಲಕ್ಕೆ ರಿನ್ಸ್‌ಲೆಸ್, ಅಂದರೆ ಒರೆಸಿದ ಮೇಲೆ ಜಾಲಿಸಬೇಕಿಲ್ಲದ ದ್ರಾವಣ. ಆರು ವಾರ, ವಾರಕ್ಕೊಂದು ಸಲ.

ಹುಡುಗನ ಪದ್ಧತಿ ಊರಿಗೆಲ್ಲ ಗೊತ್ತಿರೋದೇ. ಅರ್ಧ ಬಕೆಟ್ ನೀರು, ಹಳೇ ಬನಿಯನ್ ಬಟ್ಟೆ, ಆ ಒಂದೇ ನೀರಲ್ಲಿ ಹನ್ನೆರಡು ಕಾರು. ಕಾರಿಗೆ ಒಂದು ಲೀಟರೂ ಖರ್ಚಾಗಲ್ಲ. ನೀರಿನ ಲೆಕ್ಕದಲ್ಲಿ ಇವನನ್ನು ಮೀರಿಸೋರೇ ಇಲ್ಲ! ಆದರೆ ನಾಲ್ಕನೇ ಕಾರಿನ ಹೊತ್ತಿಗೆ ಬಕೆಟ್ಟಿನ ನೀರು ಚಹಾ ಬಣ್ಣಕ್ಕೆ ತಿರುಗಿರುತ್ತೆ. ನಾನು ಒಮ್ಮೆ ಆ ಬಕೆಟ್ಟನ್ನು ಹತ್ತು ನಿಮಿಷ ಅಲ್ಲಾಡಿಸದೆ ಬಿಟ್ಟು ಮೇಲಿನ ನೀರು ಚೆಲ್ಲಿ ನೋಡಿದೆ. ತಳದಲ್ಲಿ ಒಂದು ಮುಷ್ಟಿ ಸಣ್ಣ ಮರಳು. ಅದನ್ನೇ ಬಟ್ಟೆಗೆ ಹಚ್ಚಿಕೊಂಡು ಹನ್ನೆರಡು ಕಾರು ಉಜ್ಜುತ್ತಿದ್ದಾನೆ, ಪಾಪ, ಅವನಿಗೂ ಬೇರೆ ನೀರು ಕೊಟ್ಟವರಿಲ್ಲ.

ನಡುವಿನ ಪಟ್ಟಿಯ ಸ್ಪ್ರೇಗೆ ನೀರೇ ಬೇಡ. ಬಾಟಲಿಯಲ್ಲಿರೋದು ಜಾರಿಕೆ ಕೊಡೋ ಸೋಪಿನಂಥ ಪದಾರ್ಥ, ಜೊತೆಗೆ ಒಂಚೂರು ಮೇಣ. ಧಾರಾಳವಾಗಿ ಸಿಂಪಡಿಸಿ, ಅರ್ಧ ನಿಮಿಷ ನೆನೆಯೋಕೆ ಬಿಟ್ಟು, ಮೈಕ್ರೋಫೈಬರ್ ಬಟ್ಟೆಯನ್ನು ಒತ್ತದೆ ಒಂದೇ ದಿಕ್ಕಿಗೆ ಎಳೀಬೇಕು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎರಡೂ ಬದಿ ಸೇರಿ ಎಂಟು ಮುಖ ಸಿಗುತ್ತೆ. ಒಂದು ಮುಖದಲ್ಲಿ ಎರಡು ಸಲ ಎಳೆದರೆ ಆ ಮುಖದ ಕೆಲಸ ಮುಗೀತು. ಕೇಳೋಕೆ ಸುಲಭ. ಇಡೀ ಕಾರಿಗೆ ಆರು ಬಟ್ಟೆ, ಮುಕ್ಕಾಲು ಗಂಟೆ, ಕಾಲು ಬಾಟಲಿ ಹೋಯಿತು. ಒಂದೆರಡು ದಿನದ ತೆಳು ಧೂಳಿಗೆ ಇದು ಸೊಗಸು, ಹೊಳಪಂತೂ ಮೂರರಲ್ಲೂ ಇದರದ್ದೇ ಮೇಲು. ವಾರದ ಧೂಳಿಗೆ ನನಗೆ ಧೈರ್ಯ ಸಾಲಲಿಲ್ಲ. ಬಟ್ಟೆ ಎಳೆಯುವಾಗ ಬೆರಳ ತುದಿಗೆ ಗರಗರ ತಿಳಿಯುತ್ತಿತ್ತು. ಬಿಸಿಲಲ್ಲಿ ಮಾಡಿದ ದಿನ ದ್ರಾವಣ ಅಲ್ಲೇ ಒಣಗಿ ಮಂಜು ಹಿಡಿದ ಹಾಗೆ ಕಲೆ ಕೂತಿತು, ಮತ್ತೆ ಒರೆಸೋ ಕೆಲಸ.

ಇದರಲ್ಲೊಂದು ಮರೆಮೋಸವೂ ಇದೆ. ಕಾರಿಗೆ ನೀರು ಬೇಡ, ಸರಿ. ಆರು ಬಟ್ಟೆ ಒಗೆಯೋಕೆ? ಅದಕ್ಕೆ ನಾನು ನಾಲ್ಕೈದು ಲೀಟರ್ ಬಳಸಿದೆ. ಮೈಕ್ರೋಫೈಬರ್‌ಗೆ ಬಟ್ಟೆ ಮೆತ್ತಗಾಗಲಿ ಅಂತ ಹಾಕೋ ಕಂಫರ್ಟ್‌ನಂಥದ್ದು ಹಾಕಿದರೆ ನೂಲಿನ ಸಂದು ಮುಚ್ಚಿಹೋಗಿ ಬಟ್ಟೆ ಧೂಳು ಹಿಡಿಯೋದೇ ಬಿಡುತ್ತೆ. ಅಮ್ಮ ಒಂದು ಸಲ ಪ್ರೀತಿಯಿಂದ ಹಾಕಿಬಿಟ್ಟಳು, ಮೂರು ಬಟ್ಟೆ ಅಡುಗೆಮನೆಗೆ ಹೋದವು.

ಬಲಗಡೆಯ ರಿನ್ಸ್‌ಲೆಸ್. 256 ಪಾಲು ನೀರಿಗೆ 1 ಪಾಲು ದ್ರಾವಣ. ನಾನು 6 ಲೀಟರ್‌ಗೆ 24 ಮಿ.ಲೀ. ಹಾಕಿದೆ, ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು. ನೊರೆ ಬರಲ್ಲ, ಅದಕ್ಕೇ ನಮ್ಮ ಜನಕ್ಕೆ ನಂಬಿಕೆ ಬರಲ್ಲ. ಇದರ ಪಾಲಿಮರ್ ಮಣ್ಣಿನ ಕಣವನ್ನು ಸುತ್ತಿಕೊಂಡು ಬಣ್ಣದಿಂದ ಎತ್ತಿ ಹಿಡಿಯುತ್ತೆ, ಮತ್ತೆ ನೀರು ಹಾಕಿ ಜಾಲಿಸೋ ಅಗತ್ಯವಿಲ್ಲ. ಇದೇ ದ್ರಾವಣವನ್ನು ಗಿಡಕ್ಕೆ ನೀರು ಹೊಡೆಯೋ ಪಂಪಿಗೆ ಒಂದು ಲೀಟರ್ ತುಂಬಿಸಿ ಮೊದಲು ಕಾರಿಗೆಲ್ಲ ಹೊಡೆದೆ, ಎರಡು ನಿಮಿಷ ಬಿಟ್ಟೆ. ಅರ್ಧ ಧೂಳು ತಾನಾಗೇ ಗೆರೆಗೆರೆಯಾಗಿ ಇಳಿಯಿತು. ಆಮೇಲೆ ಬಕೆಟ್ಟಿನಲ್ಲಿ ನೆನೆಸಿಟ್ಟ ಐದು ಬಟ್ಟೆ, ಮೇಲಿನಿಂದ ಕೆಳಕ್ಕೆ. ಒಮ್ಮೆ ಕೊಳೆಯಾದ ಬಟ್ಟೆ ಮತ್ತೆ ಬಕೆಟ್ಟಿಗೆ ಇಳಿಯಬಾರದು. ಹಿಂದೆಯೇ ಒಣ ಬಟ್ಟೆ. ಅರ್ಧ ಗಂಟೆಗೆ ಮುಗೀತು. ಉಳಿದ ದ್ರಾವಣ ಟೈರಿಗೆ.

ಆರು ವಾರ ಆದ ಮೇಲೆ ರಾತ್ರಿ ಟೇಪ್ ಕಿತ್ತು ಮೊಬೈಲ್ ಟಾರ್ಚ್ ಬಿಟ್ಟೆ. ಎಡಗಡೆ ಬೆಳಕಿನ ಸುತ್ತ ಜೇಡರ ಬಲೆಯಂಥ ಗೀರು. ನಡುವೆ ಎಣಿಸಬಹುದಾದಷ್ಟು ಉದ್ದ ಗೀರು, ಎಲ್ಲವೂ ನಾನು ಬಟ್ಟೆ ಎಳೆದ ದಿಕ್ಕಿಗೇ. ಬಲಗಡೆ ಎರಡೋ ಮೂರೋ, ಅದೂ ಕಣ್ಣು ಕಿರಿದು ಮಾಡಿದರೆ. ಹುಡುಗನನ್ನು ಕರೆದು ತೋರಿಸಿದೆ. ಬಗ್ಗಿ ನೋಡಿ, "ಇದು ಕಂಪನೀಲೇ ಬಂದಿರತ್ತೆ ಸಾರ್" ಅಂದ.

ಸ್ಟೀಮ್ ವಾಶ್ ಬಗ್ಗೆ ಕೇಳೋರಿದ್ದಾರೆ. ಮನೆ ಬಾಗಿಲಿಗೆ ಮೆಷಿನ್ ತರುವವರನ್ನು ಒಮ್ಮೆ ಕರೆಸಿದೆ, 600 ರೂಪಾಯಿ. ನೀರು ಕಮ್ಮಿಯೇ. ಬಾಗಿಲ ಸಂದು, ಸೀಟಿನ ಕೆಳಗೆ ಒಣಗಿದ ಕಾಫಿ, ಚಕ್ರದ ಒಳಗಿನ ಕಪ್ಪು, ಇವಕ್ಕೆಲ್ಲ ಆವಿಗೆ ಆವಿಯೇ ಸಾಟಿ. ಆದರೆ ಬಂದ ಹುಡುಗ ಆವಿ ಬಿಟ್ಟ ಹಿಂದೆಯೇ ಒಂದೇ ಟವೆಲಿನಲ್ಲಿ ಇಡೀ ಬಾಡಿ ಒರೆಸಿದ. ಮೆಷಿನ್ ಹೊಸದು, ಪದ್ಧತಿ ಅದೇ ಬನಿಯನ್ ಬಟ್ಟೆಯದು. ವರ್ಷಕ್ಕೆರಡು ಸಲ ಒಳಗಡೆಗೆ ಕರೆಸುತ್ತೇನೆ, ಹೊರಗೆ ಮುಟ್ಟಲು ಬಿಡಲ್ಲ.

ನೀರು ಯಾವುದು ಅನ್ನೋದಕ್ಕೂ ಒಂದು ಮಾತು. ಆರ್‌ಒ ಫಿಲ್ಟರ್ ಹೊರಗೆ ಬಿಡೋ ನೀರು ಹೇಗೂ ವ್ಯರ್ಥ ಅಂತ ಬಕೆಟ್ಟಿಗೆ ಹಿಡಿದಿದ್ದೆ. ತಪ್ಪಾಯಿತು. ಬೋರ್‌ವೆಲ್ ನೀರಿನ ಗಡಸೆಲ್ಲ ಅದರಲ್ಲೇ ಮಡುಗಟ್ಟಿರುತ್ತೆ. ಗಾಜಿನ ಮೇಲೆ ಬಿಳಿ ಚುಕ್ಕೆ ಕೂತು, ವಿನೆಗರ್ ಹಚ್ಚಿ ತೆಗೀಬೇಕಾಯಿತು. ಅದಕ್ಕೆ ಬದಲು ಎಸಿಯಿಂದ ತೊಟ್ಟಿಕ್ಕೋ ನೀರು ಹಿಡೀರಿ. ಅದು ಗಾಳಿಯ ತೇವ ತಣಿದು ಆದ ನೀರು, ಅದರಲ್ಲಿ ಉಪ್ಪು ಇರೋದೇ ಇಲ್ಲ ಅನ್ನಬಹುದು. ಮೇ ತಿಂಗಳಲ್ಲಿ ಎರಡು ರಾತ್ರಿಗೆ ನನ್ನ ಆರು ಲೀಟರ್ ತುಂಬುತ್ತಿತ್ತು. ಒಂದು ಕಲೆ ಇಲ್ಲ.

ಇಷ್ಟೆಲ್ಲ ಒಣ ಧೂಳಿನ ಮಾತು. ಮಳೆಗಾಲದಲ್ಲಿ ಊರಿಂದ ಬಂದ ಕಾರಿಗೆ ಬಾಗಿಲ ಅರ್ಧದವರೆಗೆ ಕೆಮ್ಮಣ್ಣು ಮೆತ್ತಿರುವಾಗ ಸ್ಪ್ರೇ, ರಿನ್ಸ್‌ಲೆಸ್ ಯಾವುದನ್ನೂ ತೆಗೀಬೇಡಿ. ಸುರಿಯೋ ಮಳೆಯಲ್ಲಿ ಕಾರನ್ನು ಹೊರಗೆ ನಿಲ್ಲಿಸಿ, ಇಲ್ಲವೇ ನೀರನ್ನು ಶುದ್ಧ ಮಾಡಿ ಮತ್ತೆ ಬಳಸೋ ವಾಶಿಂಗ್ ಸೆಂಟರ್ ಹುಡುಕಿ. ಹಕ್ಕಿ ಹಿಕ್ಕೆಗೆ ಮಾತ್ರ ಭಾನುವಾರದ ತನಕ ಕಾಯಬೇಡಿ. ಅದೇ ರಿನ್ಸ್‌ಲೆಸ್ ದ್ರಾವಣದಲ್ಲಿ ಟಿಶ್ಯೂ ನೆನೆಸಿ ಐದು ನಿಮಿಷ ಹೊದಿಸಿಟ್ಟು ಎತ್ತಿದರೆ ಉಜ್ಜೋ ಕೆಲಸವೇ ಇಲ್ಲ.

ಈಗ ನಮ್ಮಲ್ಲಿ ಭಾನುವಾರ ರಿನ್ಸ್‌ಲೆಸ್, ಮದುವೆ-ಮುಂಜಿಗೆ ಹೊರಡೋ ಬೆಳಗ್ಗೆ ಸ್ಪ್ರೇ. ಹುಡುಗನಿಗೆ ಬಟ್ಟೆ, ಪಂಪು, ಒಂದು ಸಣ್ಣ ಬಾಟಲಿ ಕೊಟ್ಟು, ನನ್ನ ಕಾರಿಗಾದರೂ ಹೀಗೆ ಮಾಡಪ್ಪ ಅಂದೆ. ಮಾಡುತ್ತಾನೆ, ಚೆನ್ನಾಗೇ ಮಾಡುತ್ತಾನೆ. ಮುಗಿಸಿ ಆ ಬಟ್ಟೆಗಳನ್ನು ಮಡಿಸಿ ನನ್ನ ಡಿಕ್ಕಿಯಲ್ಲಿಟ್ಟು, ಪಕ್ಕದ ಬಿಳಿ ಕ್ರೆಟಾಗೆ ಚಹಾ ಬಣ್ಣದ ಬಕೆಟ್ ಎತ್ತಿಕೊಳ್ಳುತ್ತಾನೆ. "ಅದಕ್ಕೂ ಮಾಡೋದಲ್ವೇನೋ?" ಅಂದರೆ, "ಅವ್ರು ತಿಂಗ್ಳಿಗೆ ಐನೂರೇ ಕೊಡೋದು ಸಾರ್. ಬಿಳಿ ಗಾಡಿ ಬೇರೆ, ಗೀರು ಯಾರಿಗ್ ಕಾಣತ್ತೆ" ಅಂತಾನೆ.